ಸುತ್ತಿಗೆ ಹಿಡಿದ ಪಾದ್ರಿ

ಅಕ್ಟೋಬರ್ 5, 2023, ಗುರುವಾರ
ಕ್ಯಾಟನ್ಸ್‌ವಿಲ್, ಮೇರಿಲ್ಯಾಂಡ್

ಯುದ್ಧದ ವಿರುದ್ಧ ನಿಂತ ಅಮೆರಿಕದ ಕ್ಯಾಥೊಲಿಕ್ ಪಾದ್ರಿ ಫಿಲಿಪ್ ಬೆರಿಗನ್ ಬದುಕಿದ್ದರೆ ಇವತ್ತಿಗೆ ನೂರು ತುಂಬುತ್ತಿತ್ತು. ಸಂಜೆ ಕೆಲಸ ಮುಗಿಸಿ ಫ್ರೆಡರಿಕ್ ರಸ್ತೆಯವರೆಗೆ ನಡೆದು ಬಂದೆ. ಹಾಲು, ಬ್ರೆಡ್ಡು ತರೋಕೆ ದಿನಾ ಓಡಾಡುವ ರಸ್ತೆ. ಇಲ್ಲೇ ಅಷ್ಟು ದೊಡ್ಡದು ನಡೆದಿತ್ತು ಅಂತ ಈ ಊರಿಗೆ ಬಂದ ಹೊಸದರಲ್ಲಿ ನನಗೆ ಗೊತ್ತೇ ಇರಲಿಲ್ಲ.

1968ರ ಮೇ 17. ವಿಯೆಟ್ನಾಂ ಯುದ್ಧ ಜೋರಾಗಿತ್ತು. ಯಾವ ಹುಡುಗನನ್ನು ಸೇನೆಗೆ ಕಳಿಸಬೇಕು ಅಂತ ತೀರ್ಮಾನಿಸುವ ಕಚೇರಿ ಈ ರಸ್ತೆಯಲ್ಲಿತ್ತು. ಫಿಲಿಪ್, ಅವರ ಅಣ್ಣ ಡ್ಯಾನಿಯಲ್ ಸೇರಿ ಒಂಬತ್ತು ಮಂದಿ ಕ್ಯಾಥೊಲಿಕರು ಒಳಗೆ ನುಗ್ಗಿದರು. ತಂತಿ ಬುಟ್ಟಿಗಳಲ್ಲಿ 378 ಕಡತ ತುಂಬಿಕೊಂಡು ಹೊರಗೆ ಪಾರ್ಕಿಂಗ್ ಜಾಗಕ್ಕೆ ತಂದರು. ಪೆಟ್ರೋಲಿಗೆ ಸೋಪಿನ ಪುಡಿ ಕಲಸಿ ಮನೆಯಲ್ಲೇ ನೇಪಾಮ್, ಅಂದರೆ ಅಂಟಿಕೊಂಡು ಉರಿಯುವ ಇಂಧನ, ಮಾಡಿಕೊಂಡು ಬಂದಿದ್ದರು. ಸುರಿದು ಬೆಂಕಿ ಹಚ್ಚಿದರು. ವಿಯೆಟ್ನಾಮಿನ ಮಕ್ಕಳ ಮೈ ಸುಡುತ್ತಿದ್ದುದೂ ಅದೇ ನೇಪಾಮ್. ಆಮೇಲೆ ಯಾರೂ ಓಡಿಹೋಗಲಿಲ್ಲ. ಬೆಂಕಿಯ ಪಕ್ಕ ನಿಂತು, ಯೇಸು ಕಲಿಸಿದ ಪ್ರಾರ್ಥನೆ ಹೇಳುತ್ತಾ ಪೊಲೀಸರಿಗಾಗಿ ಕಾದರು.

ಕಚೇರಿಯ ಗುಮಾಸ್ತೆ ಕಡತ ಬಿಡದೆ ಎಳೆದಾಡಿದ್ದರಂತೆ. ಅವರನ್ನು ನೆನೆದರೆ ನನಗೆ ಈಗಲೂ ಕಸಿವಿಸಿ. ಪಾಪ, ಎಷ್ಟು ಹೆದರಿರಬೇಕು ಅಲ್ವಾ?

ಆದರೂ ನನ್ನ ಮನಸ್ಸು ಫಿಲಿಪ್ ಕಡೆಗೇ ವಾಲುತ್ತದೆ. ಅವರು ಯುದ್ಧವನ್ನು ದೂರದಿಂದ ನೋಡಿ ಬೈದವರಲ್ಲ. ಎರಡನೇ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದವರು, ಕೊಂದಿದ್ದೇನೆ ಅನ್ನೋ ಭಾರ ಹೊತ್ತು ಬಂದವರು. 1955ರಲ್ಲಿ ಪಾದ್ರಿಯಾದರು. 1967ರಲ್ಲಿ ಬಾಲ್ಟಿಮೋರಿನಲ್ಲಿ ಇಂಥದೇ ಕಡತಗಳ ಮೇಲೆ ರಕ್ತ ಸುರಿದು ಸಿಕ್ಕಿಬಿದ್ದಿದ್ದರು. ಆ ಕೇಸಿನಲ್ಲಿ ಶಿಕ್ಷೆ ಎಷ್ಟು ವರ್ಷ ಅಂತ ಇನ್ನೂ ಗೊತ್ತಾಗುವ ಮುಂಚೆಯೇ ಇಲ್ಲಿಗೆ ಬಂದು ಬೆಂಕಿ ಹಚ್ಚಿದರು! ಎಂಥ ಎದೆ.

ಮುಂದೆ, ಸಂನ್ಯಾಸಿನಿಯಾಗಿದ್ದ ಎಲಿಜಬೆತ್ ಮೆಕ್‌ಅಲಿಸ್ಟರ್ ಅವರನ್ನು ಮದುವೆಯಾದರು. ಪಾದ್ರಿತನ ಹೋಯಿತು. ಮೂರು ಮಕ್ಕಳಾದವು. ಬಾಲ್ಟಿಮೋರಿನಲ್ಲಿ 'ಜೋನಾ ಹೌಸ್' ಅನ್ನೋ, ಯುದ್ಧವಿರೋಧಿಗಳು ಒಟ್ಟಿಗೆ ಬಾಳುವ ಮನೆ ಕಟ್ಟಿ, ಬೇರೆಯವರ ಮನೆಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆದರು.

ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು 1980ರ ಸೆಪ್ಟೆಂಬರ್ 9. ಪೆನ್ಸಿಲ್ವೇನಿಯಾದ ಕಿಂಗ್ ಆಫ್ ಪ್ರಷಿಯಾದಲ್ಲಿ ಅಣುಕ್ಷಿಪಣಿಯ ಮೂತಿ ತಯಾರಾಗುತ್ತಿದ್ದ ಕಾರ್ಖಾನೆಗೆ ಫಿಲಿಪ್ ಸೇರಿ ಎಂಟು ಜನ ಹೋದರು. ಕೈಯಲ್ಲಿ ಸುತ್ತಿಗೆ. ಮೂತಿಗಳ ಮೇಲೆ ಹೊಡೆದರು, ಸುತ್ತ ರಕ್ತ ಚೆಲ್ಲಿದರು. ಕತ್ತಿಗಳನ್ನು ನೇಗಿಲ ಗುಳಗಳನ್ನಾಗಿ ಮಾಡುವರು ಅಂತ ಬೈಬಲಿನ ಪ್ರವಾದಿ ಯೆಶಾಯನ ಮಾತಿದೆಯಲ್ಲ, ಅದನ್ನು ಮಾಡಿಯೇ ತೋರಿಸಲು ಹೊರಟವರು ಅವರು.

ಗುಳ ಅಂದರೆ ನನಗೆ ನಮ್ಮೂರ ಕುಲುಮೆ. ಮುಂಗಾರಿಗೆ ಮುಂಚೆ ಅಪ್ಪ ಸವೆದ ಗುಳ ಹಿಡಿದು ಹೋಗುತ್ತಿದ್ದರು. ನಾನು ತಿದಿ ಒತ್ತುತ್ತಿದ್ದೆ. ಕೆಂಪಗೆ ಕಾದ ಕಬ್ಬಿಣಕ್ಕೆ ಸುತ್ತಿಗೆ ಬಿದ್ದರೆ ಕಿಡಿ ಕಾಲಿನವರೆಗೂ ಹಾರುತ್ತಿತ್ತು. ಯೆಶಾಯನ ಆ ಸಾಲು ಓದಿದಾಗಲೆಲ್ಲ ನನಗೆ ಕೇಳಿಸುವುದು ಆ ಏಟಿನ ಸದ್ದೇ.

76 ದಾಟಿದ ಮೇಲೂ ಫಿಲಿಪ್ ಸುಮ್ನೆ ಕೂರಲಿಲ್ಲ. 1999ರ ಡಿಸೆಂಬರಿನಲ್ಲಿ ಇಲ್ಲೇ ಮಿಡ್ಲ್ ರಿವರ್‌ನಲ್ಲಿ ಯುದ್ಧವಿಮಾನಗಳಿಗೆ ಸುತ್ತಿಗೆಯಿಂದ ಹೊಡೆದು ಮತ್ತೆ ಜೈಲಿಗೆ ಹೋದರು. ಬದುಕಿನಲ್ಲಿ ಸುಮಾರು 11 ವರ್ಷ ಜೈಲಲ್ಲೇ ಕಳೆಯಿತು. 2002ರ ಡಿಸೆಂಬರ್ 6ರಂದು ಜೋನಾ ಹೌಸಿನಲ್ಲೇ ತೀರಿಕೊಂಡರು.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಹಳೇ ಗುಳ ಇದೆಯಾ ಅಂತ ಕೇಳಿದೆ. "ಅಟ್ಟದ ಮೇಲಿದೆ ಕಣೋ, ತುಕ್ಕು ಹಿಡಿದಿದೆ. ಯಾಕೆ?" ಅಂದರು. ಕಥೆಯೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಆಯಪ್ಪನ ಹೆಸರು ಏನಂದೆ? ಇನ್ನೊಂದು ಸಲ ಹೇಳು" ಅಂದರು.