ಬಿರುಗಾಳಿಯಲ್ಲಿ ನಿಂತ ವರದಿಗಾರ ಮತ್ತು ನಮ್ಮಪ್ಪನ ಪ್ರಶ್ನೆ

2022ರ ಸೆಪ್ಟೆಂಬರ್ 28ರ ಮಧ್ಯಾಹ್ನ ‘ಇಯಾನ್’ ಚಂಡಮಾರುತ ಫ್ಲಾರಿಡಾದ ಪಶ್ಚಿಮ ಕರಾವಳಿಗೆ ಅಪ್ಪಳಿಸುವ ಹೊತ್ತಿಗೆ ನಾವು ಟ್ಯಾಂಪಾದ ಮನೆಗೆ ಬೀಗ ಹಾಕಿ ಎರಡು ದಿನವಾಗಿತ್ತು. ನಮ್ಮ ಮನೆ ಇರುವುದು ‘ಎ’ ವಲಯದಲ್ಲಿ; ಅಂದರೆ ಸಮುದ್ರ ಏರಿದರೆ ಮೊದಲು ಮುಳುಗುವ, ಆದ್ದರಿಂದ ಮೊದಲು ಖಾಲಿ ಮಾಡಬೇಕಾದ ಪ್ರದೇಶದಲ್ಲಿ. ಒರ್ಲಾಂಡೊದ ಗೆಳೆಯರ ಮನೆಯಲ್ಲಿ ಕುಳಿತು ನಾವು ಟಿವಿಯಲ್ಲಿ ನೋಡುತ್ತಿದ್ದುದನ್ನೇ ಶಿವಮೊಗ್ಗದಲ್ಲಿ ನಡುರಾತ್ರಿ ಕಳೆದರೂ ಮಲಗದೆ ನನ್ನ ಅಪ್ಪ ಫೋನಿನಲ್ಲಿ ನೋಡುತ್ತಿದ್ದರು. ವೆದರ್ ಚಾನೆಲ್‌ನ ಜಿಮ್ ಕ್ಯಾಂಟೋರಿ ಪುಂಟಾ ಗೋರ್ಡಾ ಎಂಬ ಊರಿನ ರಸ್ತೆಯಲ್ಲಿ ನಿಂತಿದ್ದರು. ಹಾರಿಬಂದ ಮರದ ಕೊಂಬೆಯೊಂದು ಅವರ ಕಾಲಿಗೆ ಬಡಿಯಿತು. ಅವರು ತಡವರಿಸಿ, ಓಡಿಹೋಗಿ, ರಸ್ತೆಬದಿಯ ಫಲಕದ ಕಂಬವನ್ನು ತಬ್ಬಿ ಹಿಡಿದುಕೊಂಡರು.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನು ಬಂತು. “ಆ ಮನುಷ್ಯ ನಡುರಸ್ತೇಲಿ ನಿಂತು ಮಾತಾಡ್ತಾ ಇದಾನೆ. ನೀವು ನೋಡಿದ್ರೆ ಗಾಳಿ ಶುರುವಾಗೋಕೆ ಎರಡು ದಿನ ಮೊದಲೇ ಮನೆ ಬಿಟ್ಟು ಓಡಿದೀರಲ್ಲೋ!” ಅದರಲ್ಲಿ ಅರ್ಧ ತಮಾಷೆಯಿತ್ತು, ಅರ್ಧ ಮಕ್ಕಳು ಸುರಕ್ಷಿತವಾಗಿದ್ದಾರೆಂಬ ನಿರಾಳ. ಆದರೂ ಈ ಬಗೆಯ ವರದಿಗಾರಿಕೆಯ ಮೇಲೆ ನನಗಿರುವ ತಕರಾರೆಲ್ಲ ಆ ಮಾತಿನಲ್ಲಿದೆ. “ಯಾರೂ ಹೊರಗೆ ಬರಬೇಡಿ” ಎಂದು ವರದಿಗಾರ ಬಾಯಲ್ಲಿ ಹೇಳುತ್ತಿರುತ್ತಾನೆ; ಹೊರಗೆ ಬಂದರೂ ನಿಂತಿರಬಹುದು ಎಂದು ಅವನ ದೇಹ ಹೇಳುತ್ತಿರುತ್ತದೆ. ನೋಡುವವರು ನಂಬುವುದು ದೇಹವನ್ನು.

ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಆ ದೇಹ ತೋರಿಸಬಲ್ಲದ್ದು ಗಾಳಿಯನ್ನು ಮಾತ್ರ. ಪಟಪಟ ಬಡಿದುಕೊಳ್ಳುವ ರೈನ್‌ಕೋಟು, ಓರೆಯಾಗಿ ಬೀಳುವ ಮಳೆ, ಬಾಗಿದ ತೆಂಗಿನ ಜಾತಿಯ ಮರಗಳು, ಇವೆಲ್ಲ ಗಾಳಿಯ ಚಿತ್ರಗಳು. ಅಮೆರಿಕದಲ್ಲಿ 1963ರಿಂದ 2012ರವರೆಗೆ ಚಂಡಮಾರುತಗಳಿಂದ ನೇರವಾಗಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಕೊಂದದ್ದು ದಡಕ್ಕೆ ನುಗ್ಗಿದ ಸಮುದ್ರ. ಕಾಲು ಭಾಗದಷ್ಟು ಜನರನ್ನು ಮಳೆಯ ನೆರೆ. ಗಾಳಿಗೆ ಬಲಿಯಾದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಗಾಳಿ ನೂಕಿಕೊಂಡು ಬರುವ ಈ ಸಮುದ್ರಕ್ಕೆ ಇಲ್ಲಿಯವರು ‘ಸ್ಟಾರ್ಮ್ ಸರ್ಜ್’ ಎನ್ನುತ್ತಾರೆ. ಒಂದು ಘನ ಮೀಟರ್ ಗಾಳಿ ಒಂದೂಕಾಲು ಕಿಲೋ ಕೂಡ ತೂಗುವುದಿಲ್ಲ. ಅಷ್ಟೇ ಸಮುದ್ರದ ನೀರು ಸಾವಿರ ಕಿಲೋ ದಾಟುತ್ತದೆ. ಅದು ಬರುವ ಜಾಗದಲ್ಲಿ ವರದಿಗಾರನೂ ನಿಲ್ಲಲಾರ, ಕ್ಯಾಮೆರಾಮನ್ನನೂ ನಿಲ್ಲಲಾರ. ಹಾಗಾಗಿ ನಿಜವಾದ ಕೊಲೆಗಾರ ಈ ನೇರಪ್ರಸಾರದ ಚೌಕಟ್ಟಿಗೆ ಸಿಕ್ಕುವುದೇ ಅಪರೂಪ.

ಇಯಾನ್ ದಿನವೇ ಇದು ಸ್ಪಷ್ಟವಾಗಿ ಕಾಣಿಸಿತು. ಇಲ್ಲಿಯ ಚಂಡಮಾರುತಗಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ. ಇಯಾನ್‌ನ ಕೇಂದ್ರ ಟ್ಯಾಂಪಾಕ್ಕೆ ದಕ್ಷಿಣದಲ್ಲಿ ನೆಲ ಮುಟ್ಟಿದ್ದರಿಂದ ನಮ್ಮ ಕಡೆಯ ಗಾಳಿ ನೆಲದಿಂದ ಕಡಲಿನತ್ತ ಬೀಸಿ ಟ್ಯಾಂಪಾ ಕೊಲ್ಲಿಯ ನೀರನ್ನು ಹೊರಕ್ಕೆಳೆದೊಯ್ಯಿತು. ಕೆಸರು ಕಾಣುತ್ತಿದ್ದ ಕೊಲ್ಲಿಯ ತಳದಲ್ಲಿ ಜನ ಓಡಾಡಿದರು. ಅದೇ ಹೊತ್ತಿನಲ್ಲಿ, ಕೇಂದ್ರದ ಇನ್ನೊಂದು ಬದಿಗಿದ್ದ ಫೋರ್ಟ್ ಮೈಯರ್ಸ್ ಬೀಚ್‌ಗೆ ಹತ್ತು ಅಡಿಗೂ ಹೆಚ್ಚು ಸಮುದ್ರ ನುಗ್ಗಿ ಮನೆಗಳನ್ನು ಬುಡಸಮೇತ ಎತ್ತಿಕೊಂಡು ಹೋಗುತ್ತಿತ್ತು.

ಸ್ವಾರಸ್ಯವೆಂದರೆ, ಈ ಪರಂಪರೆಯ ಮೂಲವೆಂದು ಎಲ್ಲರೂ ನೆನೆಯುವ ಪ್ರಸಾರದಲ್ಲಿ ಜನರನ್ನು ಕದಲಿಸಿದ್ದು ಗಾಳಿಗೆ ನಿಂತ ಮನುಷ್ಯನಲ್ಲ. 1961ರ ಸೆಪ್ಟೆಂಬರಿನಲ್ಲಿ ‘ಕಾರ್ಲಾ’ ಬರುವಾಗ ಹ್ಯೂಸ್ಟನ್ ಕೇಂದ್ರವೊಂದರ ವರದಿಗಾರರಾಗಿದ್ದ ಡ್ಯಾನ್ ರಾದರ್ ಗ್ಯಾಲ್ವೆಸ್ಟನ್ನಿನ ಹವಾಮಾನ ಕಚೇರಿಯೊಳಗೆ ಕ್ಯಾಮೆರಾ ಇಟ್ಟರು. ಪಾರದರ್ಶಕ ಹಾಳೆಯ ಮೇಲೆ ಟೆಕ್ಸಾಸ್ ಕರಾವಳಿಯ ರೇಖೆ ಬರೆಸಿ ಅದನ್ನು ರಾಡಾರ್ ಪರದೆಯ ಮುಂದೆ ಹಿಡಿಸಿದರು. ಸುಳಿ ಎಷ್ಟು ದೊಡ್ಡದು, ತಮ್ಮ ಊರು ಅದರಲ್ಲಿ ಎಲ್ಲಿದೆ ಎಂಬುದನ್ನು ಜನ ಕಣ್ಣಾರೆ ಕಂಡರು. ಮೂರು ಲಕ್ಷಕ್ಕೂ ಹೆಚ್ಚು ಜನ ಕರಾವಳಿ ಬಿಟ್ಟು ಹೊರಟರು. 1900ರ ಚಂಡಮಾರುತದಲ್ಲಿ ಕನಿಷ್ಠ ಆರು ಸಾವಿರ ಮಂದಿಯನ್ನು ಕಳೆದುಕೊಂಡಿದ್ದ ಊರು ಗ್ಯಾಲ್ವೆಸ್ಟನ್. ಮರುವರ್ಷ ರಾಷ್ಟ್ರಮಟ್ಟದ ಟಿವಿ ಜಾಲ ಸಿಬಿಎಸ್ ರಾದರ್ ಅವರನ್ನು ಕೆಲಸಕ್ಕೆ ಕರೆಯಿತು. ಮುಂದಿನವರು ಅವರಿಂದ ರಾಡಾರನ್ನು ಬಿಟ್ಟು ರೈನ್‌ಕೋಟನ್ನು ಮಾತ್ರ ಕಲಿತರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

2018ರ ‘ಫ್ಲಾರೆನ್ಸ್’ ಸಮಯದಲ್ಲಿ ಒಂದೇ ಚಾನೆಲ್ ಎರಡನ್ನೂ ಮಾಡಿತು. ವಿಲ್ಮಿಂಗ್ಟನ್ನಿನಲ್ಲಿ ಅದರ ವರದಿಗಾರ ಗಾಳಿಯ ಹೊಡೆತಕ್ಕೆ ಕಾಲು ಅಗಲಿಸಿ ತೂರಾಡುತ್ತಿದ್ದಾಗ ಹಿಂದಿನಿಂದ ಇಬ್ಬರು ಸಂಜೆಯ ವಾಕಿಂಗ್‌ಗೆ ಬಂದವರಂತೆ ನಡೆದುಹೋದರು. ವರದಿಗಾರ ದಣಿದಿದ್ದರು, ಒದ್ದೆ ಹುಲ್ಲಿನ ಮೇಲೆ ನಿಂತಿದ್ದರು ಎಂದು ಚಾನೆಲ್ ಸಮಜಾಯಿಷಿ ಕೊಟ್ಟಿತು, ಇರಬಹುದು. ಆದರೆ ಅದೇ ದಿನಗಳಲ್ಲಿ ಅದೇ ಚಾನೆಲ್ಲಿನ ಸ್ಟುಡಿಯೊದಲ್ಲಿ ನಿರೂಪಕಿಯೊಬ್ಬರ ಸುತ್ತ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ನೀರು ಮೂರಡಿ, ಆರಡಿ, ಒಂಬತ್ತಡಿ ಏರಿತು. ಕಾರು ತೇಲಿತು, ಅವರ ತಲೆಯ ಮೇಲೆ ನೀರು ನಿಂತಿತು. ಅವರ ಕೂದಲೊಂದೂ ಒದ್ದೆಯಾಗಲಿಲ್ಲ, ನಾನಂತೂ ಆ ದಿನ ನಮ್ಮ ಮನೆಯ ಗೋಡೆಯನ್ನು ಟೇಪು ಹಿಡಿದು ಅಳೆದೆ.

ಹೊರಗೆ ಹೋಗುವವರೆಲ್ಲ ನಾಟಕದವರೆಂದು ನಾನು ಹೇಳುವುದಿಲ್ಲ. 2018ರ ಮೇ ತಿಂಗಳಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಮಳೆಯ ವರದಿಗೆ ಹೋದ ಇಬ್ಬರು ಪತ್ರಕರ್ತರ ವಾಹನದ ಮೇಲೆ ಮರ ಬಿದ್ದು ಇಬ್ಬರೂ ತೀರಿಕೊಂಡರು. 2024ರಲ್ಲಿ ಅಟ್ಲಾಂಟಾದ ವರದಿಗಾರರೊಬ್ಬರು ನೇರಪ್ರಸಾರದ ನಡುವೆಯೇ ನೀರಿಗಿಳಿದು, ಕಾರಿನಲ್ಲಿ ಸಿಕ್ಕಿಕೊಂಡಿದ್ದ ಹೆಂಗಸನ್ನು ಬೆನ್ನ ಮೇಲೆ ಹೊತ್ತು ತಂದರು. ಆದರೆ 2023ರ ‘ಇಡಾಲಿಯಾ’ ಬೆಳಿಗ್ಗೆ ಟ್ಯಾಂಪಾದ ಬೇಷೋರ್ ರಸ್ತೆಯಲ್ಲಿ ನಾನು ಕಂಡದ್ದು ಬೇರೆ. ಕ್ಯಾಮೆರಾಮನ್ ಒಣಗಿದ ಕಟ್ಟೆಯ ಮೇಲೆ ನಿಂತು ಕೊರಳಿಗೆ ಹಾಕಿಕೊಂಡ ಟವೆಲ್ಲಿನ ತುದಿಯಿಂದ ಲೆನ್ಸ್ ಒರೆಸುತ್ತಿದ್ದ; ವರದಿಗಾರ್ತಿ ಮಂಡಿಯುದ್ದ ನೀರು ಸಿಗುವವರೆಗೆ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಕಟ್ಟೆಯ ಮೇಲೆ ಅವರ ಕಾಫಿ ಲೋಟ ಅಲುಗಾಡದೆ ಕುಳಿತಿತ್ತು.

2024ರ ಸೆಪ್ಟೆಂಬರ್ 26ರಂದು ‘ಹೆಲೀನ್’ ಚಂಡಮಾರುತದ ಕಣ್ಣು ನಮ್ಮಿಂದ ಬಹಳ ದೂರ, ಕಡಲಿನ ಮೇಲೆಯೇ ಹಾದು ಉತ್ತರಕ್ಕೆ ಹೋಯಿತು. ಎರಡು ದಿನದ ಮೇಲೆ ಮನೆಗೆ ಹಿಂದಿರುಗಿದಾಗ ಮುಂಬಾಗಿಲ ಪ್ಲಾಸ್ಟಿಕ್ ತೋರಣ ಕಟ್ಟಿದ ಹಾಗೆಯೇ ಇತ್ತು. ಒಳಗೆ ಗೋಡೆಯ ಮೇಲೆ ಮೂರಡಿ ಎತ್ತರದಲ್ಲಿ ಕಂದು ಗೆರೆಯೊಂದು ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಒಂದೇ ಮಟ್ಟದಲ್ಲಿ ಹರಿದಿತ್ತು. ಗೆರೆಯ ಪಕ್ಕ ಟೇಪು ಹಿಡಿದು ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ.

“ಗಾಳಿ ಅಷ್ಟೊಂದು ಜೋರಿತ್ತಾ?” ಎಂದು ಕೇಳಿದರು.

“ಇಲ್ಲಪ್ಪಾ, ತೋರಣ ಕೂಡ ಹಾರಿಲ್ಲ” ಎಂದೆ.