ಕೂರ್ಮಗಡ ಕಾಣದ ದಿನ

ಮೊನ್ನೆ ಕಾರವಾರದ ಬೀಚಿನಲ್ಲಿ ನಿಂತರೆ ಎದುರಿನ ಕೂರ್ಮಗಡ ದ್ವೀಪವೇ ಕಾಣಲಿಲ್ಲ. ಮಂಜು ಅಂದರು ಪಕ್ಕದಲ್ಲಿದ್ದ ಅಜ್ಜ. ಮಂಜಾದರೆ ಬಿಸಿಲೇರಿದ ಹಾಗೆ ಕರಗಬೇಕು ಅಲ್ವಾ? ಮಧ್ಯಾಹ್ನವೂ ಹಾಗೇ ಇತ್ತು. ಸ್ಕೂಟರ್ ಸೀಟು ಒರೆಸಿದರೆ ಬೆರಳಿಗೆ ತೆಳು ಕಂದು ಪುಡಿ ಅಂಟಿತು.

ಮನೆಗೆ ಬಂದು, ದಿನದಿನದ ಉಪಗ್ರಹ ಚಿತ್ರ ತೋರಿಸುವ ನಾಸಾದ ವರ್ಲ್ಡ್‌ವ್ಯೂ ಜಾಲತಾಣ ತೆರೆದೆ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ನೋಡಬಹುದು. ಅರಬ್ಬಿ ಸಮುದ್ರದ ಮೇಲೆ ಹಾಲು ಹಾಕಿದ ಚಹಾದ ಬಣ್ಣದ ಉದ್ದ ಪಟ್ಟೆ! ಒಂದೊಂದೇ ದಿನ ಹಿಂದಕ್ಕೆ ಹೋದ ಹಾಗೆ ಅದು ನಮ್ಮ ಕರಾವಳಿಯಿಂದ ಸರಿಯುತ್ತಾ ಸರಿಯುತ್ತಾ ಕೊನೆಗೆ ಒಮಾನ್ ದಂಡೆಗೆ ಹೋಗಿ ನಿಂತಿತು. ಅಲ್ಲಿನ ಮರಳುಗಾಡಿನ ಧೂಳು ಗಾಳಿ ಹತ್ತಿ ನಮ್ಮ ಸ್ಕೂಟರ್ ಸೀಟಿಗೆ ಬಂದಿತ್ತು. ಕಡಲು ಕಪ್ಪಾಗಿರುವುದರಿಂದ ಅದರ ಮೇಲೆ ಧೂಳು ಚೆನ್ನಾಗಿ ಎದ್ದು ಕಾಣುತ್ತದೆ, ನೆಲದ ಮೇಲೆ ಅಷ್ಟು ಸುಲಭ ಅಲ್ಲ.

ಇದೇ ಚಿತ್ರಗಳಲ್ಲಿ ಹೊಗೆಯ ಬಣ್ಣವೇ ಬೇರೆ, ನೀಲಿ ಬೆರೆತ ಬೂದಿ. ಮೋಡಕ್ಕಿರುವ ಗಟ್ಟಿ ಅಂಚು ಅದಕ್ಕಿಲ್ಲ. ಮಾರ್ಚ್‌ನಲ್ಲಿ ಶಿರಸಿ ಕಡೆ ಬೆಟ್ಟದ ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬೆಂಕಿ ಬಿದ್ದಾಗ ನಾನು ನೋಡುವುದು ಉಪಗ್ರಹದಲ್ಲಿರುವ ವೀರ್ಸ್ ಉಪಕರಣ ಗುರುತಿಸಿದ ಕೆಂಪು ಚುಕ್ಕೆಗಳನ್ನು. ಒಂದು ಚುಕ್ಕೆ ಅಂದರೆ ಸುಮಾರು 375 ಮೀಟರ್ ಅಗಲದ ಚೌಕ. ಅಷ್ಟೂ ಜಾಗ ಉರಿಯುತ್ತಿದೆ ಅಂತ ಅರ್ಥ ಅಲ್ಲ, ಅದರೊಳಗೆಲ್ಲೋ ಬೆಂಕಿ ಇದೆ ಅಂತ. ಮರಗಳ ಕೆಳಗೆ ಸಣ್ಣಗೆ ಹರಿಯುವ ಬೆಂಕಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಚುಕ್ಕೆ ಇಲ್ಲದಿದ್ದರೂ ಅಲ್ಲಿರುವ ಅಕ್ಕನಿಗೊಂದು ಫೋನ್ ಮಾಡಿ ಕೇಳುತ್ತೇನೆ.