ಪೀಣ್ಯದಿಂದ ಬಂದ ಪ್ರಾಜೆಕ್ಟ್

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಕಾಲೇಜು, ಕಂಪನಿ ಸೇರಿ ಎಂಒಯು (ಒಪ್ಪಂದ ಪತ್ರ) ಮಾಡಿಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಕಣ್ಣೆದುರು ಫಲ ಕೊಟ್ಟದ್ದು ಮಾತ್ರ ಶಾಪ್‌ಫ್ಲೋರಿನ, ಅಂದರೆ ಮಿಷನ್ ಓಡುವ ಜಾಗದ, ತೊಂದರೆಯಿಂದ ಶುರುವಾದ ಕೆಲಸ. ಕಾಗದಪತ್ರ ಆಮೇಲೆ ಬಂತು.

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಸಿಎನ್‌ಸಿ ಲೇತ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕೊರೆಯುವ ಮಿಷನ್) ಬುಷ್, ಅಂದರೆ ಕೊಳವೆಯಂಥ ಸಣ್ಣ ಬಿಡಿಭಾಗ, ಮಾಡುತ್ತಾರೆ. ಬೆಳಗಿನ ಶಿಫ್ಟ್‌ನ ಮೊದಲ ಪೀಸುಗಳು ಅಳತೆ ನೋಡುವ ಗೇಜಿಗೆ ಕೂರುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು. ಟೂಲ್ ಸರಿಯಿಲ್ಲ ಅಂತ ಮಾಲೀಕರು ಅಂದುಕೊಂಡಿದ್ದರು. ಹಳೆಯ ಆಪರೇಟರ್ ಮಾತ್ರ, "ಮಿಷನ್ ಬಿಸಿಯಾಗೋ ತನಕ ಹಿಂಗೇ ಸಾರ್" ಅಂದರು. ಅದೇ ನಮ್ಮ ಹುಡುಗರ ಫೈನಲ್ ಇಯರ್ ಪ್ರಾಜೆಕ್ಟ್ ಆಯಿತು.

ಟೂಲನ್ನು ಸರಿಸುವ ಬಾಲ್‌ಸ್ಕ್ರೂ ನಟ್ ಹತ್ತಿರ, ಪೀಸನ್ನು ತಿರುಗಿಸುವ ಸ್ಪಿಂಡಲ್ ಬೇರಿಂಗ್ ಹತ್ತಿರ ಟೆಂಪರೇಚರ್ ಸೆನ್ಸರ್ ಕೂರಿಸಿದರು. ಪ್ರತಿ ಪೀಸಿನ ಬೋರ್ (ಒಳಗಿನ ರಂಧ್ರ) ಅಳತೆ ಪಕ್ಕದಲ್ಲಿ ಆಗಿನ ಟೆಂಪರೇಚರ್ ಬರೆದುಕೊಂಡರು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತದೆ. ಕ್ಲಾಸಿನಲ್ಲಿ ಇದು ಒಂದು ಸಾಲು, ಅಷ್ಟೇ. ಆದರೆ ಲೇತ್‌ನಲ್ಲಿ ಎಕ್ಸ್ ಆಕ್ಸಿಸ್ (ಟೂಲ್ ಪೀಸಿನ ಅಡ್ಡಕ್ಕೆ ಸರಿಯುವ ದಿಕ್ಕು) 10 ಮೈಕ್ರಾನ್ ಸರಿದರೆ, ಎರಡೂ ಬದಿ ಸೇರಿ ವ್ಯಾಸ 20 ಮೈಕ್ರಾನ್ ತಪ್ಪುತ್ತದೆ. ಪೀಸು ರಿಜೆಕ್ಟ್ ಆಗೋಕೆ ಇನ್ನೇನು ಬೇಕು? ಶಿಫ್ಟ್‌ಗೆ ಮುಂಚೆ ವಾರ್ಮ್‌ಅಪ್ ಪ್ರೋಗ್ರಾಂ ಓಡಿಸಿ, ಬಿಸಿಗೆ ತಕ್ಕ ಆಫ್‌ಸೆಟ್ (ಟೂಲನ್ನು ಎಷ್ಟು ಸರಿಸಬೇಕು ಅನ್ನೋ ತಿದ್ದುಪಡಿ) ಪಟ್ಟಿ ಮಾಡಿಕೊಟ್ಟೆವು. ಹೊಸ ಮಿಷನ್ ಬೇಕಾಗಲಿಲ್ಲ. ಒಂದೇ ಮಾಡೆಲ್‌ನ ಎರಡು ಲೇತ್ ಬೇರೆ ಬೇರೆ ಥರ ಯಾಕೆ ಹಿಗ್ಗುತ್ತವೆ ಅನ್ನೋ ಪ್ರಶ್ನೆಯನ್ನು ಒಬ್ಬ ಹುಡುಗಿ ಎಂ.ಟೆಕ್‌ಗೆ ಎತ್ತಿಕೊಂಡಳು. ನನಗೆ ಇದೇ ಜಾಸ್ತಿ ಖುಷಿ.

ಕಾರ್ಖಾನೆಯ ತೊಂದರೆಯನ್ನು ಲ್ಯಾಬು ಎತ್ತಿಕೊಳ್ಳೋದು ಬೆಂಗಳೂರಿಗೆ ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗೋದು ನಿಂತಾಗ, ಎಣ್ಣೆ ತೆಗೆಯುವ ವಿಧಾನವನ್ನು ಪಳಗಿಸಿದ್ದು ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಲ್ಯಾಬು. ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಇರೋದೂ ಅದೇ ಎಣ್ಣೆ.

ನೀವೂ ಹೀಗೆ ಕಾರ್ಖಾನೆ ಜೊತೆ ಕೆಲಸ ಮಾಡೋದಾದರೆ ಎರಡು ವಿಷಯ ಮೊದಲೇ ಮಾತಾಡಿಕೊಳ್ಳಿ. ಒಂದು, ಯಾವುದು ಹೊರಗೆ ಹೋಗಬಹುದು ಅನ್ನೋದು. ಪಾರ್ಟ್ ಡ್ರಾಯಿಂಗ್ ಹೊರಗೆ ಹೋಗಬಾರದು, ಟೆಂಪರೇಚರ್ ಡೇಟಾ ಸಂಶೋಧನಾ ಪೇಪರಿನಲ್ಲಿ ಹಾಕಬಹುದು ಅಂತ ಒಂದೇ ಹಾಳೆಯಲ್ಲಿ ಬರೆದುಕೊಂಡೆವು. ಮಾಲೀಕರ ಅಳುಕು ಅಲ್ಲಿಗೆ ಹೋಯಿತು. ಇನ್ನೊಂದು ಸಮಯ. ಅವರಿಗೆ ಡಿಸ್ಪ್ಯಾಚ್ ಅವಸರ, ನಮಗೆ ಇಂಟರ್ನಲ್ಸ್. ಪರೀಕ್ಷೆ ವಾರದಲ್ಲಿ ಯಾರೂ ಬರಲ್ಲ ಅಂತ ಮುಂಚೆಯೇ ಹೇಳಿಬಿಡಿ.

ಈಗ ಅದೇ ಮಾಲೀಕರು, ಕೂಲೆಂಟ್ (ಕೊರೆಯುವಾಗ ತಂಪು ಮಾಡೋ ದ್ರವ) ಬೇಗ ಕೆಟ್ಟು ವಾಸನೆ ಬರ್ತಿದೆ, ನಿಮ್ಮ ಬಯೋಟೆಕ್‌ನವರು ನೋಡ್ತಾರಾ ಅಂತ ಕೇಳಿದ್ದಾರೆ. ಮುಂದಿನ ವಾರ ಆ ವಿಭಾಗದ ಮೇಡಂ ಅವರನ್ನು ಪೀಣ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.